ಗಣಕಯಂತ್ರದ ಚಿತ್ರಕಲೆಯಲ್ಲಿ ಎರಡು ಬಗೆಯ ಕುಂಚಗಳು

ಕುಂಚವೆಂದರೆ ಕೂದಲು, ಹಿಡಿ, ಬಣ್ಣ ಎಂದಷ್ಟೇ ತಿಳಿದ ಚಿತ್ರಕಲಾಭ್ಯಾಸಿಗೆ ಗಣಕಯಂತ್ರದ ಕುಂಚವು ಮೊದಮೊದಲು ಒಗಟಾಗಿ ತೋರುವುದು ಸಹಜ. ತೆರೆಯ ಮೇಲೆ ಅಕ್ಕಪಕ್ಕದಲ್ಲಿ ಮೂಡಿದ ಎರಡು ಗೆರೆಗಳು ನೋಡಲು ಒಂದೇ ತೆರನಾಗಿರಬಹುದು. ಆದರೆ ಒಂದು ರಾಸ್ಟರ್ ಕುಂಚದ್ದು, ಮತ್ತೊಂದು ವೆಕ್ಟರ್ ಕುಂಚದ್ದು ಆಗಿದ್ದರೆ ಅವುಗಳ ಒಳರಚನೆ ಪೂರ್ತಿ ಭಿನ್ನ. ಈ ಭೇದವನ್ನು ಅರಿಯದೆ ಚಿತ್ರವನ್ನು ಆರಂಭಿಸಿದ ವಿದ್ಯಾರ್ಥಿಯು ಹಲವು ದಿನಗಳ ಶ್ರಮವನ್ನು ಮುದ್ರಣಾಲಯದ ಬಾಗಿಲಲ್ಲಿ ಕಳೆದುಕೊಳ್ಳುವುದುಂಟು.

ರಾಸ್ಟರ್ ಚಿತ್ರವೆಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಣ್ಣ ಸಣ್ಣ ಚೌಕಗಳ ಸಮೂಹ. ಪ್ರತಿಯೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದೇ ಒಂದು ಬಣ್ಣ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕಸೂತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಈ ಕುಂಚವು ವಾಸ್ತವವಾಗಿ ಗೆರೆಯನ್ನು ಎಳೆಯುವುದೇ ಇಲ್ಲ. ಅದು ಒಂದು ಮುದ್ರೆ. ಕೈ ಸಾಗಿದ ಹಾದಿಯುದ್ದಕ್ಕೂ ಯಂತ್ರವು ಆ ಮುದ್ರೆಯನ್ನು ಒತ್ತುತ್ತ ಹೋಗುತ್ತದೆ. ಮುದ್ರೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಬಿದ್ದರೆ ಕಣ್ಣಿಗೆ ಅಖಂಡವಾದ ಗೆರೆ ಕಾಣುತ್ತದೆ; ಅವುಗಳ ನಡುವಣ ಅಂತರವು ಮುದ್ರೆಯ ಅಗಲವನ್ನೇ ಮೀರಿದರೆ ಬಿಡಿಬಿಡಿ ಚುಕ್ಕೆಗಳು ಕಾಣುತ್ತವೆ. ಲೇಖನಿಯ ಮೇಲಿನ ಒತ್ತಡಕ್ಕೆ ತಕ್ಕಂತೆ ಮುದ್ರೆಯ ಗಾತ್ರವನ್ನೂ ಬಣ್ಣದ ಗಾಢತೆಯನ್ನೂ ಹೆಚ್ಚುಕಡಿಮೆ ಮಾಡಬಹುದು. ಇದ್ದಿಲಿನ ಒರಟು, ಜಲವರ್ಣದ ಹರವು, ಒಣಕುಂಚದ ಸೀಳು ಇವೆಲ್ಲ ಮುದ್ರೆಯ ಆಕಾರದಿಂದಲೂ, ಕೆಳಗಿನ ಬಣ್ಣದೊಡನೆ ಅದು ಬೆರೆಯುವ ರೀತಿಯಿಂದಲೂ ಹುಟ್ಟುತ್ತವೆ. ಆದರೆ ಚಿತ್ರದಲ್ಲಿ ಕೊನೆಗೆ ಉಳಿಯುವುದು ಚೌಕಗಳ ಬಣ್ಣ ಮಾತ್ರ. ಕೈ ಎಲ್ಲಿ ಆರಂಭಿಸಿತು, ಯಾವ ಕಡೆಗೆ ತಿರುಗಿತು ಎಂಬುದರ ನೆನಪು ಅಲ್ಲಿರುವುದಿಲ್ಲ.

ಇದರ ಪರಿಣಾಮವನ್ನು ಲೆಕ್ಕದಿಂದಲೇ ಕಾಣಬಹುದು. ಎ೪ ಅಳತೆಯ ಕಾಗದಕ್ಕೆ ಅಂಗುಲಕ್ಕೆ ೩೦೦ ಪಿಕ್ಸೆಲ್‌ಗಳಂತೆ ಚಿತ್ರ ಬರೆಯಲು ಅಗಲಕ್ಕೆ ೨೪೮೦, ಎತ್ತರಕ್ಕೆ ೩೫೦೮, ಒಟ್ಟು ಸುಮಾರು ೮೭ ಲಕ್ಷ ಪಿಕ್ಸೆಲ್‌ಗಳು ಬೇಕು. ಪುಸ್ತಕದ ಪುಟಕ್ಕೆ ಇದು ಸಾಕು. ಅದೇ ಚಿತ್ರವನ್ನು ಶಾಲಾ ಉತ್ಸವದ ೧೦ ಅಡಿ ಅಗಲದ ಫಲಕಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಸುಮಾರು ೨೦ ಪಿಕ್ಸೆಲ್‌ಗಳಷ್ಟೇ ದಕ್ಕುತ್ತವೆ. ನಡುವಿನ ತೆರವನ್ನು ಯಂತ್ರವು ಅಕ್ಕಪಕ್ಕದ ಬಣ್ಣಗಳನ್ನು ನೋಡಿ ಊಹೆಯಿಂದ ತುಂಬುತ್ತದೆ, ಅಂಚುಗಳು ಮಸುಕಾಗುತ್ತವೆ. ದೂರದಿಂದ ನೋಡುವ ನಿಸರ್ಗಚಿತ್ರಕ್ಕೆ ಇದು ದೊಡ್ಡ ದೋಷವಲ್ಲದಿರಬಹುದು. ಅಕ್ಷರಕ್ಕೂ ಲಾಂಛನಕ್ಕೂ ಸಲ್ಲದು.

ವೆಕ್ಟರ್ ಕುಂಚದ ಮಾರ್ಗವೇ ಬೇರೆ. ಅದು ಚೌಕಗಳ ಬಣ್ಣದ ಬದಲು ಕೈ ಸಾಗಿದ ಹಾದಿಯನ್ನು ಕಾದಿಡುತ್ತದೆ. ರಂಗೋಲಿಯ ಪುಸ್ತಕದಲ್ಲಿ ‘೭ ಚುಕ್ಕೆ, ೭ ಸಾಲು’ ಎಂದು ಬರೆದಿಟ್ಟ ವಿನ್ಯಾಸವನ್ನು ಅಂಗೈಯಗಲಕ್ಕೂ ಹಾಕಬಹುದು, ಅಂಗಳದಗಲಕ್ಕೂ ಹಾಕಬಹುದು. ಪುಡಿ ಹೆಚ್ಚು ಬೇಕಾದೀತೇ ಹೊರತು ವಿನ್ಯಾಸ ಕೆಡದು. ಇಲ್ಲಿಯೂ ಹಾಗೆಯೇ. ಬಾಗಿದ ರೇಖೆಯ ಒಂದು ತುಂಡಿಗೆ ಸಾಮಾನ್ಯವಾಗಿ ನಾಲ್ಕು ಬಿಂದುಗಳು: ಎರಡು ಅದರ ತುದಿಗಳು, ಉಳಿದೆರಡು ರೇಖೆಯನ್ನು ತಮ್ಮತ್ತ ಸೆಳೆದು ಬಾಗಿಸುವಂಥವು. ಈ ಗಣಿತವು ಚಿತ್ರಶಾಲೆಯಲ್ಲಿ ಹುಟ್ಟಿದುದಲ್ಲ. ಕಾರಿನ ಮೈಯ ಬಾಗುಗಳನ್ನು ಲೆಕ್ಕಕ್ಕೆ ಹಿಡಿಯಲು ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿ ಪಾಲ್ ದ ಕಾಸ್ತೆಲ್ಜೊ ಅವರು ೧೯೫೯ರಲ್ಲಿಯೇ ಇದನ್ನು ಕಂಡುಕೊಂಡಿದ್ದರು. ಸಂಸ್ಥೆಯು ಅದನ್ನು ಗುಟ್ಟಾಗಿರಿಸಿದ್ದರಿಂದ ರೆನೊ ಸಂಸ್ಥೆಯ ಪಿಯರ್ ಬೆಝಿಯೆ ಅವರ ಹೆಸರೇ ಆ ರೇಖೆಗೆ ನಿಂತಿತು. ವೆಕ್ಟರ್ ಕುಂಚವು ಇಂಥ ಹಾದಿಯ ಮೇಲೆ ಒಂದು ಆಕಾರವನ್ನೂ ಅಗಲವನ್ನೂ ಹೊದಿಸುತ್ತದೆ. ಆದುದರಿಂದ ನಿನ್ನೆ ಎಳೆದ ಗೆರೆಯನ್ನು ಇಂದು ಬಾಗಿಸಬಹುದು, ತೆಳುವಾಗಿಸಬಹುದು, ಅದಕ್ಕೆ ಬೇರೊಂದು ಕುಂಚವನ್ನೇ ತೊಡಿಸಬಹುದು.

ಇತಿಹಾಸದಲ್ಲಿಯೂ ರೇಖೆಯೇ ಮೊದಲು. ಇವಾನ್ ಸದರ್ಲೆಂಡ್ ಅವರು ೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಚಿಸಿದ ಸ್ಕೆಚ್‌ಪ್ಯಾಡ್, ಬೆಳಕಿನ ಲೇಖನಿಯಿಂದ ರೇಖಾಕೃತಿಗಳನ್ನು ಎಳೆಯುವ ವ್ಯವಸ್ಥೆಯಾಗಿತ್ತು. ಪಿಕ್ಸೆಲ್‌ಗಳಿಗೆ ಬಣ್ಣ ಬಳಿಯುವ ಸೂಪರ್‌ಪೇಂಟ್ ರಿಚರ್ಡ್ ಶೂಪ್ ಅವರ ಕೈಯಿಂದ ಜೆರಾಕ್ಸ್ ಸಂಶೋಧನಾಲಯದಲ್ಲಿ ಕೆಲಸಕ್ಕಿಳಿದುದು ೧೯೭೩ರಲ್ಲಿ.

ಇಷ್ಟರಿಂದ ವೆಕ್ಟರ್ ಕುಂಚವೇ ಶ್ರೇಷ್ಠವೆಂದು ಸಾರುವವರಿದ್ದಾರೆ. ಅದು ಅವಸರದ ತೀರ್ಪು. ಒದ್ದೆಯಾದ ಬಣ್ಣ ಕಾಗದದಲ್ಲಿ ಹರಡುವಾಗ ಬಿಂದುಬಿಂದುವಿಗೂ ಛಾಯೆ ಬೇರೆ. ಅದನ್ನು ರೇಖೆಗಳಿಂದ ಹೇಳಹೊರಟರೆ ಸಾವಿರಾರು ಆಕೃತಿಗಳನ್ನು ಪೇರಿಸಬೇಕಾಗುತ್ತದೆ. ೨೦೧೦ರಲ್ಲಿ ಇಲ್ಲಸ್ಟ್ರೇಟರ್ ತಂತ್ರಾಂಶಕ್ಕೆ ಸೇರಿದ ಬಿರುಗೂದಲಿನ ಕುಂಚವು ಮಾಡುವುದು ಇದನ್ನೇ: ಅರೆಪಾರದರ್ಶಕ ಆಕೃತಿಗಳನ್ನು ಒಂದರ ಮೇಲೊಂದು ಹೇರುವುದು. ಅಂಥ ಗೆರೆಗಳು ಹೆಚ್ಚಿದಂತೆ ಮುದ್ರಣ ತೊಡಕಾಗುತ್ತದೆ. ಮುಖಚರ್ಯೆ, ಮೋಡ, ನೀರು ಇವುಗಳಿಗೆ ರಾಸ್ಟರ್ ಕುಂಚವೇ ಒಪ್ಪುವಂಥದು. ಮುದ್ರಿಸುವ ಅಳತೆಯನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಂಡಿರಬೇಕು. ೨೦೧೯ರಲ್ಲಿ ಬಂದ ಅಡೋಬಿ ಫ್ರೆಸ್ಕೊ ಎರಡು ಬಗೆಯ ಕುಂಚಗಳನ್ನೂ ಒಂದೇ ಚಿತ್ರದ ಬೇರೆ ಬೇರೆ ಪದರಗಳಲ್ಲಿ ಬಳಸಲು ಅವಕಾಶವಿತ್ತಿತು.

ವೆಕ್ಟರ್ ಗೆರೆಯನ್ನು ಪಿಕ್ಸೆಲ್‌ಗಳಾಗಿಸುವುದು ಸುಲಭ. ತೆರೆಯ ಮೇಲೆ ತೋರಿಸುವಾಗಲೆಲ್ಲ ಯಂತ್ರವು ಮಾಡುವುದು ಅದನ್ನೇ. ಹಿಂದಿರುಗುವ ದಾರಿ ಕಠಿಣ. ಕಾಗದದ ಮೇಲೆ ಕೈಯಿಂದ ಬರೆದ ಹಳೆಯ ಲಾಂಛನವೊಂದನ್ನು ಸ್ಕ್ಯಾನ್ ಮಾಡಿ ವೆಕ್ಟರ್ ರೂಪಕ್ಕೆ ತರಹೊರಟರೆ, ತಂತ್ರಾಂಶವು ಸಾಮಾನ್ಯವಾಗಿ ಬಣ್ಣಗಳು ಸಂಧಿಸುವ ಅಂಚನ್ನು ಹುಡುಕಿ ಅದರ ಗುಂಟ ರೇಖೆ ಎಳೆಯುತ್ತದೆ. ಕಲಾವಿದನು ಒಂದೇ ಉಸಿರಿನಲ್ಲಿ ಬೀಸಿದ ಗೆರೆಯು ಹೀಗೆ ಬೇಲಿ ಕಟ್ಟಿದ ಆಕೃತಿಯಾಗುತ್ತದೆ. ಕುಂಚ ನಡೆದ ಹಾದಿ ಅದರಲ್ಲಿ ಸಿಗದು. ಕನ್ನಡದ ಫಾಂಟುಗಳ ಸ್ಥಿತಿಯೂ ಇದೇ. ‘ಠ’ ಅಕ್ಷರವು ಅಲ್ಲಿ ಹೊರ ಅಂಚು, ಒಳ ಅಂಚುಗಳಾಗಿ ಕುಳಿತಿರುತ್ತದೆ, ಬರೆಯುವ ಕೈಯ ಸುತ್ತಾಗಿ ಅಲ್ಲ. ಡೊನಾಲ್ಡ್ ಕ್ನೂತ್ ಅವರು ೧೯೭೯ರಲ್ಲಿ ಹೊರತಂದ ಮೆಟಾಫಾಂಟ್ ಎಂಬ ವ್ಯವಸ್ಥೆಯು ಲೇಖನಿ ಸಾಗುವ ಹಾದಿಯನ್ನೇ ಅಕ್ಷರದ ಮೂಲವಾಗಿ ಹಿಡಿದಿತ್ತು. ಆದರೆ ಅಚ್ಚಿನ ಲೋಕದಲ್ಲಿ ಬಳಕೆಯಾಗಿ ನಿಂತುದು ಅಂಚಿನ ಪದ್ಧತಿಯೇ.