ಬೇಸಿಗೆಯ ಬಿಡುವೂ ಕೈಗೆಲಸದ ಕಲಿಕೆಯೂ

ಶಾಲೆಯ ಬಾಗಿಲು ಮುಚ್ಚುವ ಕಾಲವನ್ನು ಸೂಚಿಸಲು ಕನ್ನಡದಲ್ಲಿ ಮೂರು ಮಾತುಗಳುಂಟು. ‘ರಜೆ’ ಎಂಬುದು ಅರಬ್ಬಿಯಿಂದ ಉರ್ದುವಿನ ಮಾರ್ಗವಾಗಿ ಬಂದ ಶಬ್ದ. ಒಪ್ಪಿಗೆ, ಅಪ್ಪಣೆ ಎಂಬುದು ಅದರ ಮೂಲಾರ್ಥ. ‘ಅನಧ್ಯಾಯ’ವು ಸಂಸ್ಕೃತ ಪಾಠಶಾಲೆಗಳ ಶಬ್ದ, ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಪಾಠ ಹೇಳಲಾಗದೆಂಬ ನಿಯಮವನ್ನು ಅದು ತಿಳಿಸುತ್ತದೆ. ಮೂರನೆಯದು ‘ಬಿಡುವು’. ಇದು ಅಚ್ಚಗನ್ನಡ. ಹಿಡಿದದ್ದನ್ನು ಬಿಟ್ಟಾಗ ದೊರೆಯುವುದು ಬಿಡುವು. ಬಿಟ್ಟ ಕೈ ಮತ್ತೇನನ್ನು ಹಿಡಿಯಬೇಕೆಂಬ ಪ್ರಶ್ನೆ ಈ ಮಾತಿನ ಬೆನ್ನಿಗೇ ಅಂಟಿಕೊಂಡಿದೆ.

ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ, ಸುಮಾರು ೭ ವಾರ, ಮಕ್ಕಳು ಮನೆಯಲ್ಲಿರುತ್ತಾರೆ. ಪ್ರಸಾದನಿಲಯದ ವಿದ್ಯಾರ್ಥಿಗಳಂತೂ ವರ್ಷದಲ್ಲಿ ಇಷ್ಟು ದೀರ್ಘಕಾಲ ಹೆತ್ತವರೊಡನೆ ಇರುವುದು ಇದೊಂದೇ ಸಲ. ಈ ಅವಧಿಯಲ್ಲಿ ಪೇಟೆಯ ಮಕ್ಕಳನ್ನು ಶುಲ್ಕ ತೆತ್ತು ಶಿಬಿರಗಳಿಗೆ ಕಳುಹಿಸುವುದು ರೂಢಿಯಾಗಿದೆ. ಹಳ್ಳಿಯ ಮಕ್ಕಳ ಕೈಗೂ ಮೊಬೈಲು ಬಂದಿದೆ. ಶಿಬಿರಗಳನ್ನು ಹಳಿಯಬೇಕಾಗಿಲ್ಲ. ಆದರೆ ಮನೆಯೆಂಬ ಪಾಠಶಾಲೆಯೊಂದು ಬೇಸಿಗೆಯಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂಬುದನ್ನು ಮರೆತಿರುವುದು ಚಿಂತಿಸತಕ್ಕ ವಿಷಯ.

ಬಯಲುಸೀಮೆಯ ಒಕ್ಕಲು ಮನೆಯನ್ನೇ ನೋಡಬಹುದು. ಹಿಂಗಾರಿಯ ರಾಶಿ ಮುಗಿದಿರುತ್ತದೆ. ಮಿರಗದ ಮಳೆ ಜೂನ್ ಮೊದಲ ವಾರದ ಕೊನೆಗೆ ಬರಬೇಕು. ನಡುವಣ ಈ ಬಿರುಬಿಸಿಲಿಗಾಗಿಯೇ ಕಾದಿರುವ ಕೆಲಸಗಳು ಹಲವು. ಶಾವಿಗೆ, ಹಪ್ಪಳ, ಸಂಡಿಗೆಗಳು ಒಣಗುವುದಕ್ಕೆ ಈ ಬಿಸಿಲೇ ಬೇಕು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದಕ್ಕೆ ಮಧ್ಯಾಹ್ನದ ಪಡಸಾಲೆಯೇ ಬೇಕು. ಕೂರಿಗೆ ಕುಂಟೆಗಳ ದುರಸ್ತಿ, ಬಿತ್ತನೆಯ ಬೀಜ ಹಸನು ಮಾಡುವುದು, ಹಗ್ಗ ಹೊಸೆಯುವುದು ಇವೆಲ್ಲ ಮಳೆಗೆ ಮೊದಲು ಮುಗಿಯಬೇಕು. ಯಾವ ಶಿಕ್ಷಣ ಇಲಾಖೆಯೂ ರೂಪಿಸದ ಈ ಪಠ್ಯಕ್ರಮವನ್ನು ಋತುವೇ ರೂಪಿಸಿದೆ.

ಈ ಪಾಠಶಾಲೆಯ ಮೊದಲ ಪಾಠ ‘ಹದ’. ಶಾವಿಗೆಯ ಹಿಟ್ಟನ್ನು ಎಷ್ಟು ಹೊತ್ತು ನಾದಬೇಕು? ಹದ ಬರುವವರೆಗೆ. ಸಂಡಿಗೆಯ ಹಿಟ್ಟನ್ನು ಎಷ್ಟು ಕುದಿಸಬೇಕು? ಹದ ಬರುವವರೆಗೆ. ಗಳಿಗೆ ಸೇರುಗಳ ಲೆಕ್ಕದಿಂದ ಈ ಮಾತಿಗೆ ಅರ್ಥ ಬರೆಯಲಾಗದು. ಅಜ್ಜಿಯ ಪಕ್ಕದಲ್ಲಿ ಕುಳಿತು, ಹಿಟ್ಟಿನಲ್ಲಿ ಬೆರಳಿಟ್ಟು, ಎರಡು ಸಲ ಕೆಡಿಸಿದ ಹುಡುಗಿಗೆ ಮೂರನೆಯ ಸಲ ಅದು ತಿಳಿಯುತ್ತದೆ. ತಿಳಿದ ಮೇಲೆ ಅವಳೂ ಅದನ್ನು ಬಾಯಿಂದ ವಿವರಿಸಲಾರಳು.

ಹಗ್ಗದ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು. ಪುಂಡಿಯ ಕಟ್ಟನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸುತ್ತಾರೆ. ಆ ನಾರನ್ನು ಮೊದಲು ಒಂದು ದಿಕ್ಕಿಗೆ ತಿರುಚಿ ಎಳೆ ಮಾಡಬೇಕು. ಎಳೆಗಳನ್ನು ಜೊತೆಗೂಡಿಸುವಾಗ ಅದಕ್ಕೆ ಎದುರು ದಿಕ್ಕಿಗೆ ತಿರುಚಬೇಕು. ಪ್ರತಿಯೊಂದು ಎಳೆಯೂ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಹಾಗೆ ಹವಣಿಸಿದಷ್ಟೂ ಹಗ್ಗ ಬಿಗಿಯಾಗುತ್ತದೆ. ಬಲ ಪ್ರತಿಬಲಗಳ ಈ ತತ್ತ್ವವನ್ನು ವಿಜ್ಞಾನದ ಪುಸ್ತಕದಲ್ಲಿ ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಒಂದು ಮೊಳ ಹಗ್ಗ ಹೊಸೆದಾಗ ಅದು ಅಂಗೈಗೇ ತಿಳಿಯುತ್ತದೆ.

‘ಹೊಸೆ’ ಎಂಬ ಧಾತುವಿನ ವ್ಯಾಪ್ತಿಯೂ ಗಮನಾರ್ಹ. ದೀಪದ ಬತ್ತಿಯನ್ನು ಹೊಸೆಯುತ್ತಾರೆ, ಶಾವಿಗೆಯನ್ನು ಹೊಸೆಯುತ್ತಾರೆ, ಹಗ್ಗವನ್ನು ಹೊಸೆಯುತ್ತಾರೆ; ಕಡೆಗೆ ಕವಿಯು ಪದ್ಯವನ್ನೂ ಹೊಸೆಯುತ್ತಾನೆ. (ಪದ್ಯದ ವಿಷಯದಲ್ಲಿ ಈ ಮಾತಿಗೆ ತುಸು ಹೀಯಾಳಿಕೆ ಅಂಟಿರುವುದು ಹಗ್ಗ ಹೊಸೆದು ನೋಡದವರಿಂದಲೇ ಇರಬೇಕು.) ಹೊಸೆದದ್ದು ಹುರಿಯಾಗುತ್ತದೆ, ನುಲಿಯಾಗುತ್ತದೆ. ದನವನ್ನು ಕಟ್ಟುವುದು ಕಣ್ಣಿ, ದನಗಳ ಸಾಲನ್ನು ಕಟ್ಟುವುದು ದಾವಣಿ, ನೊಗಕ್ಕೆ ಕೊರಳನ್ನು ಸೇರಿಸುವುದು ಜತ್ತಿಗೆ, ತೊಗಲಿನದಾದರೆ ಮಿಣಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನ ಹೆಸರಿನ ಮೊದಲಿಗೇ ಈ ಶಬ್ದವಿದೆ. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆಯರ ಹೆಸರುಗಳೂ ಅಂತಹವೇ. ಕೈಗೆಲಸವನ್ನು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡವರ ವಚನಗಳನ್ನು ಬಾಯಿಪಾಠ ಮಾಡುವ ಬಾಲಕನಿಗೆ ನುಲಿ ಯಾವುದು, ಕದಿರು ಯಾವುದು ಎಂದು ತಿಳಿಯದಿರುವುದು ವಿಷಾದಕರ.

ಪೇಟೆಯಲ್ಲಿ ನೈಲಾನ್ ಹಗ್ಗ ಸುಲಭ ಬೆಲೆಗೆ ಸಿಗುವಾಗ ಈ ಶ್ರಮವೇಕೆಂದು ಕೇಳಬಹುದು. ನೈಲಾನ್ ಹೆಚ್ಚು ಬಾಳುತ್ತದೆ, ನೀರಿನಲ್ಲಿ ಕೊಳೆಯುವುದಿಲ್ಲ. ಒಕ್ಕಲಿಗನು ಅದನ್ನೇ ಕೊಳ್ಳುವುದು ಯುಕ್ತ. ಅದರೊಡನೆ ಪುಂಡಿಯ ಹಗ್ಗವನ್ನು ಸ್ಪರ್ಧೆಗೆ ನಿಲ್ಲಿಸುವುದು ವ್ಯರ್ಥ. ಇಲ್ಲಿ ಬೇಕಾಗಿರುವುದು ಹಗ್ಗಕ್ಕಿಂತ ಹೆಚ್ಚಾಗಿ, ಅದನ್ನು ಹೊಸೆಯಬಲ್ಲ ಅಜ್ಜನ ಬಳಿ ಮೊಮ್ಮಗನು ಕೂರುವ ಎಂಟು ದಿನ.

ಧಾರವಾಡ ಸೀಮೆಯ ಕಸೂತಿಯೂ ಹೀಗೆಯೇ ಮನೆಯಲ್ಲಿ ಕೈಯಿಂದ ಕೈಗೆ ಬಂದ ವಿದ್ಯೆ. ಬಟ್ಟೆಯ ಮೇಲೆ ಚಿತ್ರ ಗೆರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ನಡೆಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಸಲ ಬಿಟ್ಟು ಹೋದ ಜಾಗವನ್ನು ಮರಳಿ ಬರುವಾಗ ತುಂಬುತ್ತದೆ. ಆದ್ದರಿಂದ ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿ ಕಾಣುತ್ತವೆ. ಮುರಗಿಯು ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿಯು ಹೆಸರಿಗೆ ತಕ್ಕಂತೆ ನೆಯ್ದಂತೆ ತೋರುತ್ತದೆ. ಮೆಂತಿಯು ಅಡ್ಡಹೊಲಿಗೆ, ದಾರ ಹೆಚ್ಚು ಬೇಡುತ್ತದೆ. ಈ ನಾಲ್ಕರಿಂದಲೇ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳು ಮೂಡುತ್ತವೆ. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಬಿಚ್ಚಿ ಮತ್ತೆ ಎಣಿಸಬೇಕು. ಗಣಿತದಲ್ಲಿ ದಡ್ಡಿಯೆನಿಸಿಕೊಂಡ ಹುಡುಗಿ ಇಲ್ಲಿ ನೂರಾರು ಎಳೆಗಳ ಲೆಕ್ಕವನ್ನು ತಪ್ಪದೆ ಒಪ್ಪಿಸುವುದುಂಟು. ಹುಡುಗಿಯೆಂದು ಇಲ್ಲಿ ಬರೆದುದು ರೂಢಿಯನ್ನು ಅನುಸರಿಸಿ. ಸೂಜಿಗಾಗಲಿ ಹಗ್ಗಕ್ಕಾಗಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಗನಿಗೆ ಗುಂಡಿ ಹೊಲಿಯಲು ಬಾರದಿರುವುದನ್ನು ಹೆಮ್ಮೆಯೆಂದು ತಿಳಿಯುವ ಮನೆಗಳು ಇನ್ನೂ ಇವೆ.

ಕೈಗೆಲಸವನ್ನು ವಿದ್ಯೆಯ ನಡುವೆಯೇ ಇಡುವ ದೊಡ್ಡ ಪ್ರಯತ್ನವೊಂದು ನಮ್ಮ ದೇಶದಲ್ಲಿ ನಡೆದಿದೆ. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ಸೇರಿ, ಡಾ. ಜಾಕಿರ್ ಹುಸೇನರ ಸಮಿತಿಯು ಮೂಲಶಿಕ್ಷಣದ ಯೋಜನೆಯನ್ನು ಸಿದ್ಧಪಡಿಸಿತು. ತಕಲಿ ಶಾಲೆಗೆ ಬಂತು. ಕಾಲಕ್ರಮದಲ್ಲಿ ವೇಳಾಪಟ್ಟಿಯ ಒಂದು ತಾಸಾಗಿ ಉಳಿದು ಕಡೆಗೆ ಅದೂ ಹೋಯಿತು. ಮನೆಯಲ್ಲಿ ಆಗಬೇಕಾದುದನ್ನು ಗಂಟೆಯ ಸದ್ದಿಗೆ ಒಳಪಡಿಸಿದ್ದು ಅದಕ್ಕೆ ಒಂದು ಕಾರಣವೆಂದರೆ ತಪ್ಪಾಗದು.

ಒಂದು ಮಾತನ್ನು ಮಾತ್ರ ಮರೆಮಾಚಲಾಗದು. ಶಾಲೆಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಬೇಸಿಗೆಯು ಬಿಡುವೇ ಅಲ್ಲ. ತಂದೆತಾಯಿಗಳೊಡನೆ ಇಟ್ಟಿಗೆಭಟ್ಟಿಗೋ ಕೂಲಿಗೋ ಹೋಗುವವರಿದ್ದಾರೆ. ಹೊಟ್ಟೆಗಾಗಿ ಹೊರುವ ಹೊರೆಯನ್ನು ಕೈಗೆಲಸದ ಕಲಿಕೆಯೆಂದು ಹೊಗಳುವುದು ಕ್ರೌರ್ಯ. ಅಂತಹ ಮಕ್ಕಳಿಗೆ ಬೇಸಿಗೆಯಲ್ಲೂ ಪ್ರಸಾದನಿಲಯದ ಬಾಗಿಲು ತೆರೆದಿರಬೇಕು. ದಾನಿಗಳ ನೆರವು ಮೊದಲು ಸಲ್ಲಬೇಕಾದದ್ದು ಅಲ್ಲಿಗೆ. ಇನ್ನು ಮಗ್ಗದ ಮನೆಯ ತಂದೆಯು ‘ಈ ಕುಣಿಯಲ್ಲಿ ಇಳಿದದ್ದು ನನ್ನೊಂದಿಗೆ ಸಾಕು, ಮಗ ಓದಲಿ’ ಎಂದು ಬಯಸಿದರೆ ಅದನ್ನೂ ಗೌರವಿಸಬೇಕು. ಮಗನು ನೇಕಾರನಾಗಬೇಕಿಲ್ಲ. ಆದರೆ ಲಾಳಿ ಯಾವುದು, ಕಂಡಿಕೆ ಯಾವುದು, ಹಾಸು ಹೊಕ್ಕುಗಳೆಂದರೇನು ಎಂದು ತಂದೆಯಿಂದ ಕೇಳಿ ತಿಳಿದರೆ ತಂದೆಯ ಬದುಕು ಅವನಿಗೆ ನಾಚಿಕೆಯ ವಿಷಯವಾಗಿ ಉಳಿಯದು.

ಶಾಲೆಯು ಇದರಲ್ಲಿ ಮಾಡಬಹುದಾದುದು ಅಲ್ಪ; ಆದರೂ ಮಾಡತಕ್ಕದ್ದು. ರಜೆಗೆ ಕೊಡುವ ಮನೆಗೆಲಸದ ಲೆಕ್ಕಗಳನ್ನು ಅರ್ಧಕ್ಕೆ ಇಳಿಸಿ, ಪ್ರತಿ ವಿದ್ಯಾರ್ಥಿಯಿಂದ ಎರಡನ್ನು ಕೇಳಬಹುದು: ತಾನೇ ಮಾಡಿದ ಒಂದು ವಸ್ತು, ಅದನ್ನು ಮಾಡುವಾಗ ಹಿರಿಯರ ಬಾಯಿಂದ ಕೇಳಿದ ಹತ್ತು ಪದಗಳು. ವಸ್ತು ಸೊಟ್ಟಗಿದ್ದರೂ ಚಿಂತೆಯಿಲ್ಲ; ಅದಕ್ಕೆ ಅಂಕ ಕೊಡಬಾರದು, ಬಹುಮಾನವಂತೂ ಕೂಡದು. ಬಹುಮಾನವೆಂದೊಡನೆ ತಾಯಿಯೇ ಮಾಡಿಕೊಡುವಳು!

ಪದಗಳ ವಿಷಯದಲ್ಲಿ ಕನ್ನಡ ಅಧ್ಯಾಪಕರು ಹೆಚ್ಚಿನ ಎಚ್ಚರ ವಹಿಸಬೇಕು. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೯೫ರಲ್ಲಿ ಮುಗಿಯಿತು. ಅವುಗಳಲ್ಲಿರುವ ಎಷ್ಟೋ ಶಬ್ದಗಳು ಇಂದು ಎಂಬತ್ತು ದಾಟಿದವರ ನಾಲಗೆಯ ಮೇಲಷ್ಟೇ ಜೀವಂತವಾಗಿವೆ. ಅವುಗಳಲ್ಲಿ ಇಲ್ಲದವು ಆ ನಾಲಗೆಗಳೊಡನೆಯೇ ಹೋಗುತ್ತವೆ. ಆದುದರಿಂದ ಪ್ರತಿ ತರಗತಿಗೂ ಒಂದು ದಪ್ಪ ಪುಸ್ತಕವಿಟ್ಟು ಪದ, ಅದರ ಬಳಕೆ, ಊರು, ಹೇಳಿದವರು ವಿದ್ಯಾರ್ಥಿಗೆ ಏನಾಗಬೇಕು—ಅಜ್ಜಿಯೋ, ದೊಡ್ಡವ್ವನೋ, ಸೋದರಮಾವನೋ—ಎಂಬುದನ್ನು ಬರೆಯಿಸಬೇಕು. ಪಕ್ಕದಲ್ಲಿ ವಸ್ತುವಿನ ಚಿತ್ರ ಬಿಡಿಸಲು ಜಾಗವಿರಬೇಕು. ಕೆಂಪು ಮಸಿಯನ್ನು ಈ ಪುಸ್ತಕದ ಬಳಿ ತರಬಾರದು. ಅಜ್ಜಿಯು ‘ಜತಗಿ’ ಎಂದಿದ್ದರೆ ಹುಡುಗನು ‘ಜತಗಿ’ ಎಂದೇ ಬರೆಯಲಿ.