ಸಂಗ್ರಹ ಕಾರ್ಡುಗಳ ಸ್ಥಿತಿ ಪರೀಕ್ಷೆ: ದರ್ಜೆಗೆ ಮುನ್ನ ಅಳತೆ

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ಸಂಗ್ರಹ ಕಾರ್ಡುಗಳ ವ್ಯಾಪಾರವು ಬಹುಕಾಲದಿಂದ ನಡೆದುಬಂದಿದೆ. ಒಂದೇ ಮುದ್ರಣದ ಎರಡು ಕಾರ್ಡುಗಳ ಬೆಲೆಯಲ್ಲಿ ಅಪಾರ ಅಂತರವಿರಲು ಅವುಗಳ ಭೌತಿಕ ಸ್ಥಿತಿಯೇ ಕಾರಣ. ಪರೀಕ್ಷಕರು ನಾಲ್ಕು ಅಂಶಗಳನ್ನು ಪರಿಶೀಲಿಸಿ, ಸಾಮಾನ್ಯವಾಗಿ 1ರಿಂದ 10ರವರೆಗಿನ ದರ್ಜೆ ನೀಡುತ್ತಾರೆ.

1. ಚಿತ್ರದ ಸ್ಥಾನ: ಚಿತ್ರದ ಎಡಬದಿಯ ಖಾಲಿ ಜಾಗ 3 ಮಿ.ಮೀ., ಬಲಬದಿಯದು 2 ಮಿ.ಮೀ. ಇದ್ದಲ್ಲಿ ಅನುಪಾತ 60:40. ಸಮವಾದಷ್ಟೂ ಉತ್ತಮ.
2. ಮೂಲೆಗಳು: ಮೊನಚು ಉಳಿದಿರಬೇಕು.
3. ಅಂಚುಗಳು: ಬಣ್ಣ ಸವೆದು ಬಿಳುಪು ಕಾಣಬಾರದು.
4. ಮೇಲ್ಮೈ: ಗೀರು, ಕಲೆ, ಮಡಿಕೆಗಳನ್ನು ಓರೆ ಬೆಳಕಿನಲ್ಲಿ ನೋಡಬೇಕು.

ಇವೆಲ್ಲಕ್ಕೂ ಮುನ್ನ ಗಾತ್ರವನ್ನು ಅಳೆಯುವುದು ಅವಶ್ಯಕ. ಇಂದಿನ ಸಾಮಾನ್ಯ ಕಾರ್ಡಿನ ಅಳತೆ 63.5 × 88.9 ಮಿ.ಮೀ. ಸವೆದ ಅಂಚನ್ನು ಕತ್ತರಿಸಿದರೆ ಮೂಲೆ, ಅಂಚುಗಳು ಹೊಸದರಂತೆ ತೋರುತ್ತವೆ. ಆದರೆ ಗಾತ್ರ ಕುಗ್ಗುತ್ತದೆ.

1909–11ರ ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡೊಂದಕ್ಕೆ ಪಿಎಸ್‌ಎ ಸಂಸ್ಥೆಯು 8ರ ದರ್ಜೆ ನೀಡಿತ್ತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಹಿಂದೊಮ್ಮೆ ಅದರ ಒಡೆಯರಾಗಿದ್ದ ಬಿಲ್ ಮ್ಯಾಸ್ಟ್ರೋ, ಅಂಚನ್ನು ಕತ್ತರಿಸಿದ್ದಾಗಿ 2013ರಲ್ಲಿ ವಂಚನೆ ಪ್ರಕರಣವೊಂದರಲ್ಲಿ ಒಪ್ಪಿಕೊಂಡರು.

ಪ್ರಮಾಣಪತ್ರದೊಡನೆ ಬರುವ ಎಲ್ಲ ಸರಕಿಗೂ ಈ ಪಾಠ ಅನ್ವಯಿಸುತ್ತದೆ. ದರ್ಜೆಯು ಪರೀಕ್ಷಕರ ಅಭಿಪ್ರಾಯ ಮಾತ್ರ. ಕೊಳ್ಳುವವರು ಸರಕನ್ನು ಸ್ವತಃ ಅಳೆದು ನೋಡತಕ್ಕದ್ದು. ದಾಸ್ತಾನನ್ನು ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕಾದ್ದರಿಂದ, ದೋಷ ಕಂಡುಬಂದ ವರ್ಷದಲ್ಲಿಯೇ ಲೆಕ್ಕಪುಸ್ತಕದಲ್ಲಿ ಮೌಲ್ಯವನ್ನು ಇಳಿಸುವುದು ಯುಕ್ತ.