ಮೀಟಿಂಗಿಗೆ ಹೋಗುವ ಮುನ್ನ ರಕ್ತ ಕೊಟ್ಟು ಬನ್ನಿ

ಪ್ರಶ್ನೆ: ವಯಸ್ಸು 46, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹದಿನೈದು ವರ್ಷದಿಂದ ದಿನಾ ಕುಡಿಯುತ್ತೇನೆ. ಈಗ ಬೆಳಿಗ್ಗೆಯೂ ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಸೋಮವಾರದಿಂದ ಒಂದು ಹನಿಯೂ ಮುಟ್ಟದೆ ಎ.ಎ. ಮೀಟಿಂಗಿಗೆ ಸೇರಬೇಕೆಂದಿದ್ದೇನೆ. ಪರಿಚಯದವರು ಕಂಡರೆ ಎಂಬ ಅಳುಕು. ಹೆಸರು, ವಿಳಾಸ ಬರೆದುಕೊಳ್ಳುತ್ತಾರೆಯೇ?
– ಹೆಸರು ಬೇಡ, ವಿಜಯನಗರ 2ನೇ ಹಂತ

ಉತ್ತರ: ಮೀಟಿಂಗಿಗೆ ಖಂಡಿತ ಹೋಗಿ. ಆದರೆ ನಿಮ್ಮ ಸೋಮವಾರದ ಶಪಥ ಓದಿ ನನಗೆ ಗಾಬರಿಯಾಯಿತು. ಬೆಳಿಗ್ಗೆ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಮೈಯೆಲ್ಲ ಬೆವರಿ, ಜ್ವರ ಬಂದು, ಇಲ್ಲದ ಹುಳುಹುಪ್ಪಟೆ ಕಾಣಿಸುತ್ತದೆ. ಮನೆಯವರು ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸಲು ಓಡುತ್ತಾರೆ. ಅಷ್ಟರಲ್ಲಿ ಜೀವ ಹೋಗಿರುತ್ತದೆ. ಹಾಗೆಂದು ಕುಡಿಯುತ್ತ ಕೂರಿ ಎಂದಲ್ಲ, ಸೋಮವಾರದವರೆಗೆ ಕಾಯದೆ ನಾಳೆಯೇ ಕೆ.ಆರ್. ಆಸ್ಪತ್ರೆ ಅಥವಾ ಜೆ.ಎಸ್.ಎಸ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್, ಶುಗರ್, ಸೋಡಿಯಂ, ಪೊಟ್ಯಾಸಿಯಂ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಆಗಲಿ. ಸುಸ್ತೆಂದು ಎಲ್ಲೋ ಹೋಗಿ ಬರೀ ಗ್ಲೂಕೋಸ್ ಏರಿಸಿಕೊಳ್ಳಬೇಡಿ. ಕುಡಿಯುವವರಿಗೆ ಮೊದಲು ಬಿ1 ವಿಟಮಿನ್, ಅಂದರೆ ಥಯಾಮಿನ್, ಕೊಡಬೇಕು. ತಪ್ಪಿದರೆ ಮೆದುಳಿಗೇ ಪೆಟ್ಟು.

ಇನ್ನು ನಾಚಿಕೆಯ ವಿಷಯ. ಎ.ಎ. ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್. ಅನಾಮಧೇಯತೆ ಅದರ ಹೆಸರಿನಲ್ಲೇ ಇದೆ. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ನೀವು ಸದಸ್ಯರು. ಅಮೆರಿಕದ ಆಕ್ರಾನ್ ಊರಿನಲ್ಲಿ ಇದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ಷೇರು ದಲ್ಲಾಳಿ ಬಿಲ್, ಇನ್ನೊಬ್ಬರು ನಮ್ಮ ವೈದ್ಯರ ಪೈಕಿಯೇ, ಸರ್ಜನ್ ಬಾಬ್. ಆಪರೇಷನ್ ದಿನ ಕೈ ನಡುಕ ತಡೆಯಲು ಕುಡಿದ ಬಿಯರೇ ಆ ಡಾಕ್ಟರರ ಕೊನೆಯ ಕುಡಿತವಂತೆ. ಆ ದಿನವನ್ನೇ, 1935ರ ಜೂನ್ 10ನ್ನು, ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ಪರಿಚಯದವರು ಸಿಕ್ಕರೆ ಅವರೂ ಅದಕ್ಕೇ ಬಂದಿರುತ್ತಾರಲ್ಲ ಸ್ವಾಮಿ? ಬಾರಿನ ಮುಂದೆ ಸ್ಕೂಟರ್ ನಿಲ್ಲಿಸುವಾಗ ಇಲ್ಲದ ನಾಚಿಕೆ ಇಲ್ಲೇಕೆ? ಅಷ್ಟೂ ಅಳುಕಿದ್ದರೆ ‘ಕ್ಲೋಸ್ಡ್ ಮೀಟಿಂಗ್’ ಯಾವಾಗ ಎಂದು ಕೇಳಿ. ಅದಕ್ಕೆ ಕುಡಿತ ಬಿಡಬೇಕೆಂದವರಿಗೆ ಮಾತ್ರ ಪ್ರವೇಶ. ಮೈಸೂರಿನಲ್ಲಿ ಗುಂಪುಗಳಿವೆ, ಮನೋವೈದ್ಯ ವಿಭಾಗದಲ್ಲೇ ವಿಚಾರಿಸಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮೊದಲ ದಿನ ಬಾಯಿ ಬಿಡಬೇಕಿಲ್ಲ, ಸುಮ್ಮನೆ ಕೇಳಿಸಿಕೊಂಡು ಟೀ ಕುಡಿದು ಬನ್ನಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು.

ಪ್ರಶ್ನೆ: ಜಾಹೀರಾತು ನೋಡಿ ತರಿಸಿದ, ಬಣ್ಣ ರುಚಿ ಇಲ್ಲದ ಪುಡಿಯನ್ನು ಯಜಮಾನರಿಗೆ ತಿಳಿಯದಂತೆ ಸಾರಿಗೆ ಬೆರೆಸುತ್ತಿದ್ದೇನೆ. ಮೊನ್ನೆ ಕುಡಿದು ಬಂದವರಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಯಿತು. ಔಷಧಿ ಹಿಡಿಯುತ್ತಿದೆಯೇ?
– ಗೃಹಿಣಿ, ಹಿನಕಲ್

ಉತ್ತರ: ನಿಲ್ಲಿಸಿ ತಾಯಿ, ಇವತ್ತೇ! ಹಿಡಿಯುತ್ತಿರುವುದು ಔಷಧಿಯಲ್ಲ, ಅಪಾಯ. ಈ ಪುಡಿಗಳ ಕಥೆ ಕೇಳಿ ಕೇಳಿ ನನಗೆ ರೇಗಿಹೋಗಿದೆ. ಪೊಟ್ಟಣದಲ್ಲಿ ಏನಿದೆಯೋ ನೋಡದೆ ಹೇಳಲಾರೆ, ಆದರೆ ನೀವು ಬರೆದ ಲಕ್ಷಣ ಡೈಸಲ್ಫಿರಾಮ್ ಮಾತ್ರೆಯದೇ. ಅದು ಒಳ್ಳೆಯ ಔಷಧಿ. ರೋಗಿಗೆ ತಿಳಿಸಿ, ಒಪ್ಪಿಸಿ, ಇ.ಸಿ.ಜಿ., ಲಿವರ್ ಪರೀಕ್ಷೆ ಮಾಡಿಸಿದ ಮೇಲೆ ಕೊಡುವಂಥದ್ದು. ಅದು ಕುಡಿತದ ಆಸೆಯನ್ನು ಅಳಿಸುವುದಿಲ್ಲ, ಮದ್ಯ ದೇಹದಲ್ಲಿ ಕರಗುವ ದಾರಿಯನ್ನು ಅರ್ಧದಲ್ಲಿ ತಡೆದು ವಿಷ ಕೂಡಿಸುತ್ತದೆ. ‘ಕುಡಿದರೆ ಹೀಗಾಗುತ್ತದೆ’ ಎಂದು ಗೊತ್ತಿರುವವನು ಹೆದರಿ ದೂರವಿರುತ್ತಾನೆ. ಗೊತ್ತೇ ಇಲ್ಲದವನು ಎಂದಿನಂತೆ ಕುಡಿಯುತ್ತಾನೆ, ಬಿ.ಪಿ. ಕುಸಿಯುತ್ತದೆ, ಹೃದಯ ದುರ್ಬಲವಿದ್ದರೆ ಅಲ್ಲಿಗೆ ಮುಗಿಯಿತು. ಪುಡಿ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿದಿರಬಹುದು. ಅದಕ್ಕೇ ಯಜಮಾನರಿಗೆ ನಿಜ ಹೇಳಲೇಬೇಕು. ಬೈಸಿಕೊಳ್ಳಿ, ಪರವಾಗಿಲ್ಲ. ಪೊಟ್ಟಣದ ಸಮೇತ ಇಬ್ಬರೂ ವೈದ್ಯರ ಬಳಿ ಹೋಗಿ, ಅವರಿಗೆ ಇ.ಸಿ.ಜಿ. ಮಾಡಿಸಿ.

ನಿಮ್ಮ ಮೇಲೆ ಸಿಟ್ಟಿಲ್ಲಮ್ಮ. ರಾತ್ರಿ ಹನ್ನೊಂದರವರೆಗೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತವರೇ ಇಂಥ ಪುಡಿಗೆ ಕೈಚಾಚುವುದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪಿದೆ, ಎ.ಎ. ಸ್ಥಾಪಕ ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಡನೆ ಶುರುಮಾಡಿದ್ದು. ಯಜಮಾನರು ಕುಡಿತ ಬಿಡಲಿ ಬಿಡದಿರಲಿ, ನೀವು ಆ ಗುಂಪನ್ನು ವಿಚಾರಿಸಿ. ನಿಮ್ಮ ಬಿ.ಪಿ., ಶುಗರ್ ನೋಡಿಸಿ ಎಷ್ಟು ದಿನವಾಯಿತು?

ಪ್ರಶ್ನೆ: ನನ್ನ ಲಿವರ್ ರಿಪೋರ್ಟ್ ನಾರ್ಮಲ್. ವಿಸ್ಕಿ ಬಿಟ್ಟು ಬರೀ ಬಿಯರ್ ಕುಡಿಯಬಹುದಲ್ಲ?
– ಕುಂಬಾರಕೊಪ್ಪಲು

ಉತ್ತರ: 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಒಂದು ಬಾಟಲಿ ಅಂದರೆ 60 ಎಂ.ಎಲ್.ನ ಎರಡು ಪೆಗ್ ವಿಸ್ಕಿಯೇ. ಲಿವರ್ ಗಟ್ಟಿಯಾಗುವ ಹಂತದಲ್ಲೂ ರಿಪೋರ್ಟ್ ನಾರ್ಮಲ್ ಬಂದದ್ದು ಕಂಡಿದ್ದೇನೆ. ಪ್ಲೇಟ್‌ಲೆಟ್, ಸ್ಕ್ಯಾನಿಂಗ್ ಮಾಡಿಸಿ, ಆಮೇಲೆ ಬಿಯರಿನ ಮಾತು.

ಪ್ರಶ್ನೆ: ಮಗ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿ ಮೂರು ತಿಂಗಳು ಚೆನ್ನಾಗಿದ್ದ. ಬೀಗರೂಟಕ್ಕೆ ಹೋಗಿ ಕುಡಿದುಬಿಟ್ಟ. ಮಾತು ತಪ್ಪಿದೆನೆಂದು ಈಗ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗೂ ಹೋಗುತ್ತಿಲ್ಲ.
– ಒಬ್ಬ ತಾಯಿ, ವಿಜಯನಗರ 4ನೇ ಹಂತ

ಉತ್ತರ: ಶುಗರ್ ಏರಿತೆಂದು ಯಾರಾದರೂ ಡಾಕ್ಟರರಿಂದ ತಲೆಮರೆಸಿಕೊಳ್ಳುತ್ತಾರೆಯೇ? (ಕೆಲವರು ತಲೆಮರೆಸಿಕೊಳ್ಳುತ್ತಾರೆ, ಅವರ ವಿಷಯ ಇನ್ನೊಮ್ಮೆ.) ಶಿಬಿರದ ಎಂಟು ದಿನ ಬರೀ ಉಳುಮೆ, ಬೆಳೆ ಬರುವುದು ಆಮೇಲಿನ ಸಭೆಗಳಲ್ಲಿ. ಅಲ್ಲಿ ಕೂತವರಲ್ಲಿ ಜಾರಿಬಿದ್ದು ಮತ್ತೆ ಬಂದವರೂ ಇರುತ್ತಾರೆ, ಯಾರೂ ಅವನ ಮುಖ ನೋಡಿ ನಗುವುದಿಲ್ಲ. ಒಬ್ಬನೇ ಹೋಗಲು ಸಂಕೋಚವಾದರೆ ಶಿಬಿರದ ಜೊತೆಗಾರನೊಬ್ಬನನ್ನು ಮನೆಗೇ ಕರೆಸಿ. ದೇವರ ಮೇಲಾಣೆ, ಪ್ರಮಾಣ ಎಂದು ನೀವು ಮತ್ತೆ ಮತ್ತೆ ಎತ್ತಾಡಬೇಡಿ. ನಿದ್ದೆ ಹೇಗಿದೆ, ಖಿನ್ನತೆಯಿದೆಯೇ ಎಂದು ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ತಡಮಾಡದೆ 14416, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಬೀಗರೂಟಕ್ಕೆ ಮನೆಯಿಂದ ನೀವೊಬ್ಬರೇ ಹೋಗಿ ಬನ್ನಿ.